ಬೈಕು ನಿಧಾನ ಮಾಡಿಸಲು ಹೋದದ್ದು

ಯಂತ್ರಗಳ ವಿಷಯದಲ್ಲಿ ನಾನು ತಿಳಿದವನೆಂದೇ ನಂಬಿದ್ದೆ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಕೆಲಸದಲ್ಲಿದ್ದಷ್ಟು ಕಾಲವೂ ಕಿಟಕಿಯಿಂದ ಇಂಜಿನ್ನುಗಳನ್ನು ನೋಡಿದ್ದೇನೆ. ಅಷ್ಟು ದೊಡ್ಡದನ್ನು ನೋಡಿದವನಿಗೆ ಒಂದು ಮೋಟಾರ್ ಬೈಕಿನ ಇಂಜಿನ್ನು ಯಾವ ಲೆಕ್ಕ?

ಬೈಕು ನನ್ನದಲ್ಲ, ನನ್ನ ಹೆಂಡತಿ ವಿಮಲಾಳದು. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸಲೆಂದೇ ಮಾಡಿದ, ಎತ್ತರದ ಹಳೆಯ ಗಾಡಿ. ಭಾನುವಾರ ಬಂತೆಂದರೆ ಗೆಳತಿಯರ ಜೊತೆ ಚೆಂಗಲ್ಪಟ್ಟಿನ ಆಚೆಯ ಗುಡ್ಡಗಳಿಗೆ ಹೋಗಿ, ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದಳು. ಗುಡ್ಡಗಳಿಂದೆಲ್ಲ ಕ್ಷೇಮವಾಗಿ ಬಂದವಳು ಹೋದ ವರ್ಷ ಜ್ವರವೆಂದು ಆಟೊದಲ್ಲಿ ಕೂತು ಆಸ್ಪತ್ರೆಗೆ ಹೋದಳು. ವಾಪಸು ಬರಲಿಲ್ಲ. ಅಂದಿನಿಂದ ಯಾರು ಮನೆಯಿಂದ ಹೊರಟರೂ ಗೇಟಿನವರೆಗೆ ಹಿಂದೆಯೇ ಹೋಗುತ್ತೇನೆ. ಪೇಪರಿನವನಿಗೂ ‘ಹುಷಾರಾಗಿ ಹೋಗಪ್ಪ’ ಎನ್ನುತ್ತೇನೆ.

ಹೀಗಿರುವಾಗ ಮಗಳು ಚಿತ್ರಾ ಒಂದು ಸಂಜೆ ಆ ಬೈಕಿನ ಹೊದಿಕೆ ತೆಗೆದಳು. ಅವಳು ಶೋಳಿಂಗನಲ್ಲೂರಿನಲ್ಲಿ ಫಿಸಿಯೋಥೆರಪಿಸ್ಟು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಚಿಕ್ಕಂದಿನಿಂದ ಅವಳ ಅಭ್ಯಾಸ.

“ಏನಮ್ಮಾ ಮಾಡ್ತಿದ್ದೀಯ?”

“ಸಂಡೇ ನಾನ್ ಓಟ್ಟಪ್ಪೋರೇನ್‌ಪ್ಪಾ.” ಭಾನುವಾರ ತಾನು ಓಡಿಸುತ್ತಾಳಂತೆ. ಅಮ್ಮನ ಗೆಳತಿಯರು ಕರೆದಿದ್ದಾರಂತೆ.

ನಾನು ಹೊದಿಕೆಯನ್ನೆತ್ತಿ ಮತ್ತೆ ಬೈಕಿಗೆ ಹೊದಿಸಹೋದೆ. ಅವಳು ಕನ್ನಡಕ್ಕೆ ಬದಲಾದಳು. ಏನಾದರೂ ಕೆಲಸ ಆಗಬೇಕಾದಾಗ ಅವಳಿಗೆ ಒಳ್ಳೆಯ ಕನ್ನಡ ಬರುತ್ತದೆ.

“ಅಪ್ಪಾ, ಗಾಡಿ ತುಂಬಾ ಮಂದ. ಆಕ್ಸಿಲರೇಟರ್ ತಿರುಗಿಸಿದ್ರೆ ಕೂತು ಯೋಚನೆ ಮಾಡಿ ಆಮೇಲೆ ಹೊರಡುತ್ತೆ. ಇಂಜಿನ್ ಚುರುಕು ಮಾಡಿಸ್ಬೇಕು ಅಂತ ಅಮ್ಮಾನೂ ಅಂತಿದ್ಲು. ಅಂಬತ್ತೂರಲ್ಲಿ ಸೆಲ್ವಂ ಅಂತ ಮೆಕ್ಯಾನಿಕ್ ಇದಾರೆ. ನಂಗೆ ಲೀವ್ ಇಲ್ಲ.”

“ನಾನಿದ್ದೀನಲ್ಲ, ಮಾಡಿಸ್ಕೊಂಡ್ ಬರ್ತೀನಿ ಬಿಡು” ಎಂದೆ. ಅಷ್ಟು ಬೇಗ ಒಪ್ಪಿದ್ದಕ್ಕೇ ಅವಳಿಗೆ ಅನುಮಾನ ಬರಬೇಕಾಗಿತ್ತು.

ನನ್ನ ಯೋಜನೆ ಸರಳವಾಗಿತ್ತು. ಬೈಕನ್ನು ಚುರುಕು ಮಾಡಿಸುವ ಹೆಸರಿನಲ್ಲಿ ಇನ್ನಷ್ಟು ಮಂದ ಮಾಡಿಸುವುದು. ಎತ್ತಿನ ಗಾಡಿಯಂತೆ ತೆವಳಿದರೆ ಬೇಸರ ಬಂದು ಅವಳೇ ಹೊದಿಕೆ ಹಾಕುತ್ತಾಳೆ. ಇರುವ ಒಬ್ಬ ಮಗಳು ಮನೆಯಲ್ಲಿರುತ್ತಾಳೆ. ಇದಕ್ಕಾಗಿ ಮೊಬೈಲಿನಲ್ಲಿ ಆಳವಾದ ಅಧ್ಯಯನವನ್ನೂ ಕೈಗೊಂಡೆ. ಚೈನು ಎಳೆಯುವ ಮುಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲು ಕಡಿಮೆಯಾದರೆ ಗಾಡಿಯ ಟಾಪ್ ಸ್ಪೀಡು ಇಳಿಯುತ್ತದೆ ಎಂದು ಒಬ್ಬಾತ ಹೇಳಿದ. ಅವನು ‘ಆದರೆ’ ಎನ್ನುವಷ್ಟರಲ್ಲಿ ವಿಡಿಯೊ ನಿಲ್ಲಿಸಿದೆ. ನನಗೆ ಬೇಕಾದ್ದು ಸಿಕ್ಕಿತ್ತು.

ಇಲ್ಲಿಯವರು ಕುಟ್ಟಿಯಾನೆ ಎನ್ನುವ ಪುಟ್ಟ ಲಾರಿಯಲ್ಲಿ ಬೈಕು ಏರಿಸಿ, ಡ್ರೈವರಿಗೆ ದಾರಿಯುದ್ದಕ್ಕೂ ನಿಧಾನ, ನಿಧಾನ ಎನ್ನುತ್ತ ಅಂಬತ್ತೂರು ಮುಟ್ಟಿದೆ. ಸೆಲ್ವಂ ವಿಮಲಾಳನ್ನು ನೆನೆದು ಬೈಕಿನ ಸೀಟನ್ನು ಒಮ್ಮೆ ಒರೆಸಿದ. ಆಮೇಲೆ ಕೆಲಸದ ಮಾತು. ಮಾತೆಲ್ಲ ನಡೆದದ್ದು ತಮಿಳಿನಲ್ಲಿ.

“ಮುಂದಿನ ಹಲ್ಲುಚಕ್ರ ಒಂದು ಹಲ್ಲು ಕಮ್ಮಿ ಇರೋದು ಹಾಕಪ್ಪ.”

ಸೆಲ್ವಂ ತಲೆಯೆತ್ತಿ ನೋಡಿದ. “ಸರಿ ಸಾರ್. ಕಾರ್ಬ್ಯುರೇಟರ್ ಏನ್ಮಾಡ್ಲಿ?”

ಪೆಟ್ರೋಲು ಕಡಿಮೆ ಹೋದರೆ ಶಕ್ತಿ ಕಡಿಮೆ. ಇದಕ್ಕೆ ವಿಡಿಯೊ ಬೇಡ. “ಪೆಟ್ರೋಲ್ ಹೋಗೋ ಜೆಟ್ ಇದ್ಯಲ್ಲ, ಅದು ಒಂದು ಸೈಜ್ ಚಿಕ್ಕದು ಹಾಕು.”

“ಅಡಡಾ! ಗಾಡಿ ಸ್ಟಾರ್ಟೇ ಮಾಡಿಲ್ಲ, ಸಾರ್ ಆಗ್ಲೇ ಅದರ ಕಾಯಿಲೆ ಹೇಳ್ಬಿಟ್ರು.”

ಹೊಗಳಿಕೆ ನನ್ನನ್ನು ಇನ್ನಷ್ಟು ಕೆಡಿಸಿತು. ಗೋಡೆಯಲ್ಲಿ ಆಕ್ಸಿಲರೇಟರಿನ ಹಿಡಿಗಳು ನೇತಾಡುತ್ತಿದ್ದವು. ಒಂದನ್ನು ತಿರುಗಿಸಿದೆ, ಮಣಿಕಟ್ಟು ಪೂರ್ತಿ ತಿರುಗಿತು. ಇನ್ನೊಂದು ಸ್ವಲ್ಪ ತಿರುಗಿ ಟಕ್ಕೆಂದು ನಿಂತಿತು.

“ಇದು ಇಷ್ಟೇನಾ ತಿರುಗೋದು?”

“ಅಷ್ಟೇ ಸಾರ್. ಅದಕ್ಕಿಂತ ಜಾಸ್ತಿ ತಿರುಗಲ್ಲ.”

“ಹಾಗಾದ್ರೆ ಇದನ್ನೇ ಹಾಕು.”

ಸೆಲ್ವಂ ಸ್ಪ್ಯಾನರ್ ಕೆಳಗಿಟ್ಟ. “ಸಾರ್, ತಪ್ಪು ತಿಳ್ಕೋಬೇಡಿ. ಆ ಕಾಲದಲ್ಲಿ ರೇಸ್ ಓಡಿಸ್ತಿದ್ರಾ?”

“ಇಲ್ಲ, ರೈಲ್ವೆ” ಎಂದೆ ಗಂಭೀರವಾಗಿ.

ಶನಿವಾರ ಬೈಕು ಮನೆಗೆ ಬಂತು. ಸಂಜೆ ಚಿತ್ರಾ ಕೀಲಿಗೆ ಕೈಚಾಚಿದಳು. ನಾನು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಮಂದ ಮಾಡಿಸಿದ್ದೇನೋ ನಿಜ, ಆದರೂ ಮೊದಲು ಅವಳು ಹತ್ತುವುದು ಬೇಡ.

“ಇರು. ಮೊದಲು ನಾನು ನೋಡ್ತೀನಿ.”

“ನಿಂಗ್ಯಾಕಪ್ಪಾ? ಸ್ಕೂಟರಲ್ಲೇ ಕಾಲು ಎಳ್ಕೊಂಡು ಹೋಗ್ತೀಯ.”

“ನಂಗೂ ಗೇರ್ ಗಾಡಿ ಗೊತ್ತು” ಎಂದು ಹೆಲ್ಮೆಟ್ ಹಾಕಿ ಹತ್ತಿದೆ. ಕೆಳಮನೆಯ ರಾಜಾಮಣಿ ಸಾರ್ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು. ಗೇರು ಹಾಕಿ, ಮಗಳಿಗೆ ಪಾಠ ಹೇಳುವ ದನಿಯಲ್ಲಿ, “ನೋಡು, ಇಷ್ಟು ತಿರುಗಿಸಿದ್ರೂ ಇದು...” ಎಂದೆ.

ವಾಕ್ಯ ಮುಗಿಯಲಿಲ್ಲ. ಮುಂದಿನ ಚಕ್ರ ನನ್ನ ಮುಖದ ಎದುರಿಗೆ ಬಂದಂತೆ ಕಂಡಿತು. ಗೇಟು ಹೋಯಿತು. ವಾಚ್‌ಮನ್ನಿನ ಕುರ್ಚಿ ಹೋಯಿತು, ಪುಣ್ಯಕ್ಕೆ ಅದರಲ್ಲಿ ವಾಚ್‌ಮನ್ ಇರಲಿಲ್ಲ. ಎದುರು ಕಟ್ಟುತ್ತಿದ್ದ ಮನೆಯ ಮರಳಿನ ಗುಡ್ಡೆಯಲ್ಲಿ ಬೈಕು ಅರ್ಧ ಹೂತು ಘನತೆಯಿಂದ ನಿಂತಿತು. ನಾನು ಅದರಾಚೆ ಬಿದ್ದಿದ್ದೆ, ಘನತೆ ಇಲ್ಲದೆ.

ಚಿತ್ರಾ ಓಡಿಬಂದು ನನ್ನ ಕೈಕಾಲೆಲ್ಲ ಮಡಿಸಿ ನೋಡಿದಳು. ಮಂಡಿ ತರಚಿತ್ತು, ಅಷ್ಟೇ. ಆಮೇಲೆ ಅವಳ ಕಣ್ಣು ಬೈಕಿನತ್ತ ತಿರುಗಿತು.

“ಏನ್ ಮಾಡಿಸ್ದೆ ಇದಕ್ಕೆ?”

ಇನ್ನು ಬಚ್ಚಿಟ್ಟು ಏನು? ಹಲ್ಲುಚಕ್ರ, ಜೆಟ್ಟು, ಹಿಡಿ, ಮೂರನ್ನೂ ಹೇಳಿದೆ. ಬೈಗುಳಕ್ಕೆ ಕಾದೆ.

“ಅಪ್ಪಾ, ಅಮ್ಮ ಮಾಡಿಸ್ಬೇಕು ಅಂತಿದ್ದಿದ್ದು ಈ ಮೂರೇ! ಚಿಕ್ಕ ಹಲ್ಲುಚಕ್ರ ಹಾಕಿದ್ರೆ ಸ್ಪೀಡ್ ಇಳಿಯುತ್ತೆ, ಆದ್ರೆ ಎಳೆತ ಜಾಸ್ತಿ. ಪೆಟ್ರೋಲ್ ಜಾಸ್ತಿ ಕುಡಿದು ಇಂಜಿನ್‌ಗೆ ಉಸಿರು ಕಟ್ಟಿತ್ತು, ಚಿಕ್ಕ ಜೆಟ್ ಹಾಕಿದ್ಮೇಲೆ ಸರಿಹೋಯ್ತು. ಈ ಹಿಡಿ ಸ್ವಲ್ಪ ತಿರುಗಿಸಿದ್ರೆ ಪೂರ್ತಿ ತೆರ್ಕೊಳುತ್ತೆ.” ಅವಳ ದನಿ ಸಣ್ಣದಾಯಿತು. “ಅಮ್ಮ ನಿಂಗೆ ಹೇಳಿದ್ಲಾ?”

ಬಾಯಿತುಂಬ ಮರಳಿತ್ತು. ಅವಳ ಕಣ್ಣಲ್ಲಿ ನೀರಿತ್ತು. “ಹೂಂ” ಎಂದೆ.

ಭಾನುವಾರ ಬೆಳಿಗ್ಗೆ ಅವಳು ಹೊರಟೇಹೋದಳು. ನಾನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂತೆ. ತಿಂಡಿ ತಣ್ಣಗಾಯಿತು. ಫೋನ್ ಮಾಡಿದರೆ ಓಡಿಸುತ್ತಲೇ ತೆಗೆದಾಳೆಂಬ ಭಯ, ಮಾಡದಿದ್ದರೆ ಇನ್ನೊಂದು ಭಯ. ಮಧ್ಯಾಹ್ನ ರಾಜಾಮಣಿ ಸಾರ್ ಬಂದು ಅತ್ತಿತ್ತ ನೋಡಿ ಪಕ್ಕ ನಿಂತರು.

“ಸಾರ್, ನಿನ್ನೆ ಕಣ್ಣಾರೆ ನೋಡಿದೆ. ಇಂಜಿನ್ ವಿಷಯದಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ. ನಮ್ಮ ಹುಡುಗನೂ ಒಂದು ದೊಡ್ಡ ಬೈಕ್ ತಗೊಂಡಿದ್ದಾನೆ.” ದನಿ ತಗ್ಗಿಸಿದರು. “ಅವನಿಗೆ ಗೊತ್ತಾಗದ ಹಾಗೆ ಅದನ್ನ ನಿಧಾನ ಮಾಡ್ಕೊಡ್ತೀರಾ?”

ನಾನು ಕಟ್ಟೆಯಲ್ಲಿ ಸರಿದು ಜಾಗ ಮಾಡಿದೆ. “ಅದೊಂದು ವಿದ್ಯೆ ನನಗೆ ಬರಲ್ಲ ಸಾರ್. ಕೂತ್ಕೊಳ್ಳಿ.”

ಇಬ್ಬರೂ ಕೂತೆವು. ಯಾವ ಗಾಡಿಯ ಸದ್ದಾದರೂ ಒಟ್ಟಿಗೇ ಎದ್ದು ನಿಂತು ರಸ್ತೆಗೆ ಇಣುಕುತ್ತಿದ್ದೆವು. ನೀರಿನ ಟ್ಯಾಂಕರ್ ಬಂದಾಗಲೂ ಎದ್ದೆವು. ಬಿಸಿಲಿಗೆ ಹಣೆಯ ಮೇಲೆ ಕೈಯಡ್ಡ ಹಿಡಿದು ನೋಡುತ್ತಿದ್ದ ಇಬ್ಬರು ಮುದುಕರನ್ನು ಕಂಡು ಡ್ರೈವರ್, ನೀರು ತರಿಸಿದವರು ನಾವೇ ಎಂದುಕೊಂಡು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟ. ಹಿಂದಿನಿಂದ ಯಾರೋ ಒಂದೇ ಸಮನೆ ಹಾರನ್ ಹೊಡೆಯತೊಡಗಿದರು. ಬಗ್ಗಿ ನೋಡಿದೆ. ಕೆಂಪು ಧೂಳಿನಲ್ಲಿ ಮಿಂದು, ಮುಂದೆ ಹೋಗಲು ದಾರಿಯಿಲ್ಲದೆ ನಿಂತಿದ್ದಳು ಚಿತ್ರಾ.

ಇಷ್ಟೆಲ್ಲ ಪಾಡುಪಟ್ಟು ಆ ಬೈಕನ್ನು ನಾನು ನಿಧಾನ ಮಾಡಿದ್ದು ಅದೊಂದೇ ಸಲ. ಅದೂ ಮನೆಯ ಬಾಗಿಲಲ್ಲಿ.