ವಿಶ್ರಾಂತಿಯ ಮೇಲೆ ಹನ್ನೊಂದು ಪುಟ

ವಿದ್ವಾಂಸನೆನಿಸಿಕೊಳ್ಳಬೇಕೆಂಬ ಆಸೆ ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ ಬಂದು ಹೋಗುತ್ತದಂತೆ. ನನಗೆ ಅದು ಐವತ್ತು ದಾಟಿದ ಮೇಲೆ, ಸಕ್ಕರೆ ಕಾಯಿಲೆಯ ಜೊತೆಗೇ ಬಂತು. ಎರಡಕ್ಕೂ ಪಥ್ಯವಿದೆ, ನಾನು ಪಾಲಿಸುವುದು ಒಂದಕ್ಕೆ ಮಾತ್ರ. ಸಿಂಧನೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ, ಭಾನುವಾರ ನಮ್ಮ ಚರ್ಚಿನಲ್ಲಿ ದೊಡ್ಡವರಿಗೆ ಪಾಠ ಹೇಳುತ್ತೇನೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಹಟ್ಟಿಯ ಪಾಸ್ಟರು ಫೋನ್ ಮಾಡಿ, "ಸರ್, ಇವತ್ತಿನ ಜೀವನಕ್ಕ ನಮ್ಮ ಧರ್ಮ ಏನ್ ಹೇಳ್ತದ ಅಂತ ವಿಚಾರಗೋಷ್ಠಿ ಇಟ್ಟೀವಿ. ನೀವು ಏನರ ಬರದು ತರ್ರಿ" ಅಂದರು. ತಿಂಗಳಿಡೀ ಕೂತು ಹನ್ನೊಂದು ಪುಟ ಬರೆದೆ. ವಿಷಯ ಸಬ್ಬತ್ತು, ಅಂದರೆ ವಾರಕ್ಕೊಂದು ದಿನ ಕೆಲಸ ಬಿಟ್ಟು ವಿಶ್ರಮಿಸಬೇಕೆಂಬ ದೇವರ ಕಟ್ಟಳೆ. ಕೈಯಿಂದ ಮೊಬೈಲು ಇಳಿಯದ ಈ ಕಾಲದಲ್ಲಿ ಆ ಕಟ್ಟಳೆಗೆ ಅರ್ಥವೇನು ಎಂಬುದು ನನ್ನ ಪ್ರಶ್ನೆ.

ಬರೆಯುವಾಗ ಮನೆಯಲ್ಲಿ ಒಂದು ಅಡ್ಡಿ ಬಂತು. ಹೆಂಡತಿ ಶಾಂತಾ ಚಹಾ ತಂದಿಟ್ಟು, ಬಗ್ಗಿ ಒಂದು ಸಾಲು ಓದಿ, "ಎಲ್ಲಾರಿಗೂ ರಜಾ ಕೊಟ್ಟೀರಿ, ಛಲೋ ಆತು. ಅವತ್ತ ಅಡಗಿ ಯಾರು ಮಾಡಬೇಕಂತ ಬರದೀರಿ?" ಎಂದಳು. ಪ್ರಶ್ನೆ ಗಂಭೀರವಾದದ್ದೇ. ವಿದ್ವಾಂಸರು ಗಂಭೀರ ಪ್ರಶ್ನೆಗಳಿಗೆ ಮಾಡುವುದನ್ನೇ ನಾನೂ ಮಾಡಿದೆ: ಅದನ್ನು ಅಡಿಟಿಪ್ಪಣಿಗೆ ಇಳಿಸಿದೆ.

ಗೋಷ್ಠಿಯಿದ್ದ ಭಾನುವಾರ ಮಸ್ಕಿ ದಾಟಿ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ಸಭಿಕರು ಕೇಳಬಹುದಾದ ಪ್ರಶ್ನೆಗಳನ್ನು ನಾನೇ ಕೇಳಿಕೊಂಡು ನಾನೇ ಉತ್ತರಿಸುತ್ತಿದ್ದೆ. ತುಟಿ ಅಲ್ಲಾಡುತ್ತಿದ್ದಿರಬೇಕು, ಪಕ್ಕದಲ್ಲಿದ್ದ ಮುದುಕ ಗಂಟು ಮಡಿಲಿಗೆಳೆದುಕೊಂಡು ಕಿಟಕಿಯ ಕಡೆ ಸರಿದ.

ಮಧ್ಯಾಹ್ನದ ಊಟದ ನಂತರ ನನ್ನ ಸರದಿ. ಎದುರಿಗೆ ನಲವತ್ತು ಜನ, ಹೆಚ್ಚಿನವರು ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರು. ಮೇಲೆ ಫ್ಯಾನು ತಿರುಗುತ್ತಿತ್ತು. 'ಪುಟ ಒಂದು' ಎಂದು ಪುಟದ ಸಂಖ್ಯೆಯನ್ನೂ ಬಿಡದೆ ಓದತೊಡಗಿದೆ. ಎರಡನೇ ಪುಟಕ್ಕೆ ಮೂರನೇ ಬೆಂಚಿನ ಅಂಚಿನಲ್ಲಿ ಕೂತಿದ್ದ ಒಬ್ಬರ ತಲೆ ಗೋಡೆಗೆ ಒರಗಿತು. ಮೂರನೇ ಪುಟಕ್ಕೆ ಗೊರಕೆ ಶುರುವಾಯಿತು. ನನಗೆ ರೇಗಿತು. ದನಿ ಏರಿಸಿ, 'ಎಚ್ಚೆತ್ತುಕೊಳ್ಳಬೇಕಾಗಿದೆ' ಎಂಬ ಪದವನ್ನು ಬರೆದುದಕ್ಕಿಂತ ಎರಡು ಸಲ ಹೆಚ್ಚಿಗೆ ಓದಿದೆ.

ಹೆಂಗಸರ ಸಾಲಿನಿಂದ ಒಬ್ಬರು ಎದ್ದು ಬಂದರು. ಗೊರಕೆಯವರ ಹೆಂಡತಿ ಸುವಾರ್ತಮ್ಮ. ಗಂಡನನ್ನು ಎಬ್ಬಿಸಲು ಬಂದರೇನೋ ಅಂದುಕೊಂಡರೆ ನೇರ ನನ್ನ ಹತ್ತಿರವೇ ಬಂದು ಪಿಸುಗುಟ್ಟಿದರು: "ಸರ್, ಸ್ವಲ್ಪ ಸಣ್ಣಗ ಓದ್ರಿ. ರಾತ್ರಿ ಪಾಳಿ ಮಾಡಿ ಬಂದು ಮೂರು ದಿನದಿಂದ ನಮ್ಮನಿಯವರು ಕಣ್ಣ ಮುಚ್ಚಿಲ್ಲ. ಹಗಲೊತ್ತು ಮನ್ಯಾಗ ನಿದ್ದಿ ಹತ್ತವಲ್ದು. ಈಗ ಹತ್ತೇತಿ. ನಡುವ ನಿಲ್ಲಸಬ್ಯಾಡ್ರಿ ಮತ್ತ, ನಿಲ್ಲಿಸಿದ್ರ ಏಳ್ತಾರ."

ನಾನು ಚರ್ಚೆಗೆಂದು ಹೋದವನು. ಎಂಟು ಪ್ರಶ್ನೆಗಳಿಗೆ ಉತ್ತರ ಜೇಬಿನಲ್ಲಿತ್ತು. ಆದರೆ ಆ ಮನುಷ್ಯನ ಮುಖ ನೋಡಿದೆ. ಬಾಯಿ ತುಸು ತೆರೆದಿತ್ತು, ಕೈ ತೊಡೆಯ ಮೇಲೆ ಸಡಿಲಾಗಿ ಬಿದ್ದಿತ್ತು. ದನಿ ತಗ್ಗಿಸಿದೆ. ಹನ್ನೊಂದನೇ ಪುಟ ಮುಗಿಸಿ ಬಾಯಿ ಮುಚ್ಚಿದೆನೋ ಇಲ್ಲವೋ, ಅವರು ಮಿಸುಕಾಡಿದರು. ಸುವಾರ್ತಮ್ಮ ಗಾಬರಿಯಿಂದ ಕೈ ಆಡಿಸಿದರು. ಅಡಿಟಿಪ್ಪಣಿಗಳನ್ನು ಓದಿದೆ. ಆಮೇಲೆ ನಾನು ನೋಡಿದ ಪುಸ್ತಕಗಳ ಪಟ್ಟಿಯನ್ನು ಪ್ರಕಾಶಕರ ಊರುಗಳ ಸಮೇತ ಓದಿದೆ. ಅಷ್ಟರಲ್ಲಿ ಇನ್ನೂ ಏಳು ಜನ ಮಲಗಿದ್ದರು. ಪಾಸ್ಟರು ಕಣ್ಣುಮುಚ್ಚಿ ಕೂತಿದ್ದರು. ಪ್ರಾರ್ಥನೆ ಎಂದು ಆಮೇಲೆ ಹೇಳಿದರು. ಪ್ರಶ್ನೋತ್ತರ ನಡೆಯಲಿಲ್ಲ. ಮನೆಗೆ ಬಂದಾಗ ಶಾಂತಾ, "ಹೆಂಗಾತ್ರಿ?" ಅಂದಳು. "ಒಬ್ಬರೂ ವಿರೋಧ ಮಾಡಲಿಲ್ಲ" ಎಂದೆ.

ವಾರದ ನಂತರ ಫೋನು ಬಂತು. "ಸರ್, ನಾ ಸಮುವೇಲಪ್ಪ, ಅವತ್ತ ಮಲಗಿದಾವ. ನಮ್ಮಾಕಿ ನಿಮ್ಮ ಮಾತು ಮೊಬೈಲಿನಾಗ ತುಂಬಿಕೊಂಡಾಳ. ಪಾಳಿ ಮುಗಿಸಿ ಬಂದು ದಿನಾ ಹಚ್ಚಿಕೊಂಡು ಮಲಗಾಕತ್ತೀನಿ. ಆರನೇ ಪುಟದಾಗ ಒಂದು ತಪ್ಪೈತ್ರಿ."

ನನ್ನ ಬರಹದಲ್ಲಿ ತಪ್ಪು ಹುಡುಕುವಷ್ಟು ಹೊತ್ತು ಈವರೆಗೆ ಯಾರೂ ಎಚ್ಚರವಿದ್ದವರಲ್ಲ. "ಏನ್ರಿ ಅದು?" ಎಂದೆ.

"ಹೊತ್ತು ಮುಣಗಿದ್ರ ದುಡಿಯೋರಿಗೆ ದೇವರು ಬಿಡುಗಡಿ ಕೊಡ್ತಾನಂತ ಬರದೀರಿ. ಹೊತ್ತು ಮುಣಗಿದ ಮ್ಯಾಲ ನಾ ಗಣಿಗೆ ಇಳಿಯಾವ."

"ಅದು ಸಾಂಕೇತಿಕ ಮಾತು ರೀ."

"ಹಂಗಂದ್ರ ಖರೇ ಅಲ್ಲ ಅಂತೇನ್ರಿ?"

ನಾನು ಆರನೇ ಪುಟ ಹುಡುಕತೊಡಗಿದೆ. ಅವರೇ ಮುಂದುವರಿಸಿದರು: "ನನಗ ಬಿಡುಗಡಿ ಕೊಡೋದು ಸೂರ್ಯ ಅಲ್ರಿ, ಮುಂದಿನ ಪಾಳಿಗೆ ಬರೋ ಮನಷ್ಯಾ. ಅವ ಬಂದ್ರ ನಾ ಮ್ಯಾಲ ಬರ್ತೀನಿ. ದೇವರು ಅವನ ಕೈಲೆ ಕಳಸ್ತಾನ ಅಂತ ಬರೀರಿ ಬೇಕಾದ್ರ."

ತಿಂಗಳಿಡೀ ಪುಸ್ತಕಗಳ ನಡುವೆ ಕೂತರೂ ನನಗೆ ಹೊಳೆಯದ ಮಾತು ಅದು. ಆರನೇ ಪುಟ ಹರಿದುಹಾಕಿ ಅವರು ಹೇಳಿದಂತೆಯೇ ಬರೆದೆ, ಅವರ ಹೆಸರನ್ನೂ ಹಾಕಿದೆ. ಹುರುಪು ಹೆಚ್ಚಿ ಮರುದಿನ ನಾನೇ ಫೋನ್ ಮಾಡಿ, "ಏಳನೇ ಪುಟ ಹೆಂಗೈತ್ರಿ ಸಮುವೇಲಪ್ಪ?" ಎಂದು ಕೇಳಿದೆ.

"ಅದು ಗೊತ್ತಿಲ್ರಿ ಸರ್. ಎಷ್ಟ ಗಟ್ಟಿ ಕುಂತು ಕೇಳಿದ್ರೂ ಏಳಕ್ಕ ನಿದ್ದಿ ಹತ್ತತೈತಿ."

ಹೀಗಾಗಿ ಏಳರಿಂದ ಹನ್ನೊಂದರವರೆಗಿನ ನನ್ನ ವಿಚಾರಗಳಲ್ಲಿ ಒಂದು ತಪ್ಪೂ ಇಲ್ಲವೆಂದು ಸದ್ಯಕ್ಕೆ ನಂಬಿಕೊಂಡಿದ್ದೇನೆ.