ಬೀಳದೆಯೇ ನಮಸ್ಕಾರ ಸಿಗುವ ಕುರಿತು

ಇಂದ,
ಹೊಲಿಗೆ ಯಂತ್ರ ರಿಪೇರಿಯವನು,
ಇಳಿಜಾರು ರಸ್ತೆಯ ಕೊನೆಯ ಅಂಗಡಿ.

ಗೆ,
ಅಧ್ಯಕ್ಷರು,
ದೊಡ್ಡ ಬೈಕ್ ಸವಾರರ ಬಳಗ.

ವಿಷಯ: ಗೇರಿಲ್ಲದ ಸ್ಕೂಟರಿನವನಿಗೂ ಎರಡು ಬೆರಳಿನ ನಮಸ್ಕಾರ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ೧. ತಮ್ಮ ಬಳಗದ ನಿಯಮ ಏಳು (ದೊಡ್ಡ ಬೈಕಿನವರಿಗೆ ಮಾತ್ರ ನಮಸ್ಕಾರ). ೨. ನನ್ನ ಎಡ ಮಂಡಿ.

ಮಾನ್ಯರೇ,

೧. ರಸ್ತೆಯಲ್ಲಿ ಎಲ್ಲರಿಗೂ ಅವರವರ ನಮಸ್ಕಾರವಿದೆ. ಹಾಲಿನ ಕ್ಯಾನಿನವರು ತಲೆಯಾಡಿಸುತ್ತಾರೆ. ಪಾರ್ಸೆಲ್‌ನವರು ಲೈಟು ಮಿಣುಕಿಸಿ, ಮುಂದೆ ಪೊಲೀಸರಿದ್ದಾರೆಂದು ತಿಳಿಸುತ್ತಾರೆ. ಹಳೇ ಸ್ಕೂಟರಿನವರಾದ ನಾವು ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಳ್ಳುತ್ತೇವೆ. ತಮ್ಮವರು ಮಾತ್ರ ಎಡಗೈ ಇಳಿಬಿಟ್ಟು ಎರಡು ಬೆರಳು ಚಾಚುತ್ತಾರೆ. ನೋಡಲು ಬಲು ಚೆಂದ.

೨. ತಮ್ಮ ಸಾಲಿನಲ್ಲಿ ಮೂರನೆಯವಳು ನನ್ನ ಮಗಳು. ಕೆಲಸಕ್ಕೆ ಹತ್ತಿರವೆಂದು ಆರು ತಿಂಗಳಿಂದ ಊರಿನ ಆ ತುದಿಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ಫೋನಿನಲ್ಲಿ "ಊಟ ಆಯ್ತಾ" ಮುಗಿದರೆ ಮಾತೂ ಮುಗಿಯಿತು. ಆದ್ದರಿಂದ ಭಾನುವಾರ ಎಂಟೂಕಾಲಿಗೆ ಅವಳು ಇಳಿಜಾರು ಹತ್ತುವಾಗ, ನಾನು ಇಳಿಯುವಾಗ ಕಣ್ಣಿಗೆ ಬೀಳುವುದಷ್ಟೇ ನಮ್ಮ ಭೇಟಿ. ಹೆಲ್ಮೆಟ್ಟಿದ್ದರೂ ಗುರುತು ಸಿಗುತ್ತದೆ. ಬಲ ಮೊಣಕೈ ಹೊರಚಾಚುವ ಆ ಚಾಳಿ ಬಿಡಿಸಲು ಇದೇ ಸ್ಕೂಟರಿನ ಹಿಂದೆ ಓಡಿ ಸೋತವನು ನಾನು. ಆದರೆ ನಿಯಮ ಏಳರ ಕಾರಣ ಅವಳು ನೆಟ್ಟಗೆ ಮುಂದೆ ನೋಡಿಕೊಂಡು ಹೋಗುತ್ತಾಳೆ. ನನಗೆ ಬೇಜಾರಾಗುತ್ತದೆ. ಇದನ್ನು ಅರ್ಜಿಯಲ್ಲಿ ಬರೆಯಬಹುದೋ ಬಾರದೋ ತಿಳಿಯದು.

೩. ಸದರಿ ಕಾರಣದಿಂದ, ಕಳೆದ ಭಾನುವಾರ ನಾನೇ ಮೊದಲು ಎರಡು ಬೆರಳು ಚಾಚಿದೆ. ತಮ್ಮ ಬೈಕಿನಲ್ಲಿ ಎಡಗೈಗೆ ಕ್ಲಚ್ಚು. ನನ್ನ ಸ್ಕೂಟರಿನಲ್ಲಿ ಎಡಗೈಗೆ ಬ್ರೇಕು. ರಸ್ತೆ ಬದಿ ಮರಳಿನ ರಾಶಿ ಇದ್ದುದರಿಂದ ಈ ಅರ್ಜಿ ಬರೆಯಲು ಉಳಿದಿದ್ದೇನೆ.

೪. ಬಿದ್ದವರನ್ನು ಕಂಡರೆ ನಿಲ್ಲಬೇಕೆಂಬ ನಿಯಮ ಎರಡರಂತೆ ಹನ್ನೊಂದು ಬೈಕುಗಳೂ ನಿಂತವು. ತಾವೇ ನೀರು ಕೊಟ್ಟು, "ಯಜಮಾನ್ರೇ, ಮನೇಲಿ ಯಾರಿಗಾದ್ರೂ ಫೋನ್ ಮಾಡೋಣ್ವಾ?" ಎಂದು ಕೇಳಿದಿರಿ.

"ಬೇಡ ಸರ್, ಇವರ ಮಗಳು ನಾನೇ," ಎಂದು ಅವಳು ಹೆಲ್ಮೆಟ್ ತೆಗೆದಳು. ಕರವಸ್ತ್ರ ಬಿಚ್ಚಿ ನನ್ನ ಮಂಡಿಗೆ ಕಟ್ಟುತ್ತಾ, "ಇಳಿಜಾರಲ್ಲಿ ಯಾರಾದ್ರೂ ಬ್ರೇಕ್ ಬಿಡ್ತಾರೇನಪ್ಪಾ? ನೀನೇ ಅಲ್ವಾ ಹೇಳ್ಕೊಟ್ಟಿದ್ದು?" ಎಂದು ಬೈದಳು. ಇಪ್ಪತ್ತು ನಿಮಿಷ ಬೈದಳು. ಆರು ತಿಂಗಳಲ್ಲಿ ನಾವು ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ.

ಆದ್ದರಿಂದ, ಬಿದ್ದವನಿಗೆ ಹನ್ನೊಂದು ಮಂದಿ ನಿಲ್ಲುವ ತಮ್ಮ ಬಳಗವು, ಬೀಳದೆ ಹೋಗುವ ಅಪ್ಪನಿಗೆ ಎರಡು ಬೆರಳು ಚಾಚಲು ಮಗಳಿಗೆ ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಉತ್ತರವಾಗಿ ನಾನು ತಲೆ ಮಾತ್ರ ಆಡಿಸುವುದಾಗಿ ಮುಚ್ಚಳಿಕೆ ಬರೆದುಕೊಡುತ್ತೇನೆ.

ಸದ್ಯಕ್ಕೆ ಕುಂಟುತ್ತಿರುವ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು: ೧. ಒಡೆದ ಎಡಗನ್ನಡಿ. ೨. ಮುಚ್ಚಳಿಕೆ. (ಕರವಸ್ತ್ರ ಲಗತ್ತಿಸಿಲ್ಲ. ಅದು ನನ್ನ ಬಳಿಯೇ ಇರಲಿ.)

ವಿ.ಸೂ.: ಮೇಲಿನ ಕೋರಿಕೆ ಸಾಧ್ಯವಾಗದಿದ್ದಲ್ಲಿ, ಬರುವ ಭಾನುವಾರ ಎಂಟೂಕಾಲಿಗೆ ಅದೇ ಮರಳಿನ ರಾಶಿಗೆ ಬೀಳಲು ನನಗೆ ಅನುಮತಿ ನೀಡಬೇಕಾಗಿ ಕೋರುತ್ತೇನೆ.