ಹಾನುಸ್ ಹಾಕಿಕೊಟ್ಟ ದಾರಿ

ಶನಿವಾರ ಬೆಳಿಗ್ಗೆ ಮಿಕ್ಕಿಯಾಲನ ಟಗರಿಗೆ ಏನು ಸಿಟ್ಟು ಬಂದಿತ್ತೋ ಏನೋ, ಬೇಲಿ ಕಟ್ಟಲು ಬಗ್ಗಿದ್ದ ಒಡೆಯನನ್ನು ಹಿಂದಿನಿಂದ ಗುದ್ದಿ ಚರಂಡಿಗೆ ಕೆಡವಿತು. ಮಿಕ್ಕಿಯಾಲನ ಕಾಲು ಉಳುಕಿ ಕಡುಬಿನಂತೆ ಊದಿಕೊಂಡಿತು. ಪಾಪ, ಆ ಮೂಕಪ್ರಾಣಿಗೇನು ಗೊತ್ತು, ತಾನು ಗುದ್ದಿದ್ದು ಅಂಚೆಕಚೇರಿಯ ಹಾನುಸ್‌ನ ನೆಮ್ಮದಿಗೆ ಎಂದು!

ಅಂದು ಹಾಮರ್‌ವೀಕ್ ಊರಿನವರು ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ದಿನ. ದಾರಿ ಗೊತ್ತುಮಾಡುವುದು ಹಾನುಸ್‌ನ ಕೆಲಸ, ಆ ದಾರಿಯಲ್ಲಿ ಜನರನ್ನು ಕರೆದೊಯ್ಯುವುದು ಮಿಕ್ಕಿಯಾಲನ ಕೆಲಸ. ಹಾನುಸ್‌ನ ತಲೆಯಲ್ಲಿ ಕೂದಲಿದ್ದ ಕಾಲದಿಂದ ಈ ಏರ್ಪಾಡು ನಡೆದುಕೊಂಡು ಬಂದಿತ್ತು. ಚಳಿಗಾಲ ಪೂರ್ತಿ ಅವನು ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿಕೊಂಡು ಕೂರುತ್ತಿದ್ದ. ಎಲ್ಲಿ ತೊರೆ ದಾಟಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು, ಮಂಜು ಮುಸುಕಿದರೆ ಯಾವ ಬಂಡೆಯ ಮಗ್ಗುಲಿಗೆ ತಿರುಗಬೇಕು, ಆಲಿಕಲ್ಲು ಬಿದ್ದರೆ ಯಾವುದರ ಮರೆಗೆ ನಿಲ್ಲಬೇಕು, ಎಲ್ಲಕ್ಕೂ ಅವನಲ್ಲಿ ಉತ್ತರವಿತ್ತು. ಒಂದು ಕಾಲಿನ ಬೂಟಿನ ದಾರ ಬಿಸಿಲಲ್ಲಿ ಕಟ್ಟಿ ಇನ್ನೊಂದರದ್ದನ್ನು ಮಳೆಯಲ್ಲಿ ಕಟ್ಟಬೇಕಾದ ಆ ದ್ವೀಪದಲ್ಲಿ ಇಂಥ ಮನುಷ್ಯನಿಗೆ ಮರ್ಯಾದೆ ಇಲ್ಲದೆ ಇರುತ್ತದೆಯೇ? ಸಂಜೆ ಮರಳಿದವರೆಲ್ಲ ಅವನ ಕೈ ಕುಲುಕಿ, “ಏನು ದಾರಿ ಹಾಕಿದ್ದೀಯ ಮಾರಾಯ! ತುದೀಲಿ ನಿಂತ್ರೆ ಇಡೀ ಫೆರೋ ದ್ವೀಪಗಳು ಅಂಗೈಲಿಟ್ಟ ಹಾಗೆ ಕಾಣ್ತವೆ!” ಎಂದು ಹೊಗಳುತ್ತಿದ್ದರು. ಹಾನುಸ್ ಮುಂದಿನ ಚಳಿಗಾಲದವರೆಗೆ ಆ ಮಾತುಗಳನ್ನೇ ಮೆಲುಕುಹಾಕುತ್ತಿದ್ದ.

ಒಂದು ಸಂಗತಿ ಮಾತ್ರ ಅವನ ಹೆಂಡತಿ ಸುನ್ವಾಳನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ. ಹಾನುಸ್ ಒಂದೇ ಒಂದು ಸಲವೂ ಬೆಟ್ಟ ಹತ್ತಿರಲಿಲ್ಲ. ಎತ್ತರ ಕಂಡರೆ ಅವನಿಗೆ ತಲೆ ಗಿರ್ರೆನ್ನುತ್ತಿತ್ತು. ಮದುವೆಯಾದ ಹೊಸತರಲ್ಲಿ ಮನೆಯ ಸೂರಿನ ಮೇಲೆ ಬೆಳೆದ ಹುಲ್ಲು ಕೊಯ್ಯಲೆಂದು ಏಣಿ ಹತ್ತಿದವನು ಹೊಗೆಗೂಡನ್ನು ಅಪ್ಪಿಕೊಂಡು ಬಿಡಲೊಲ್ಲದೆ ಹೋಗಿದ್ದ. ಆಮೇಲೆ ಸೂರಿನ ಹುಲ್ಲು ಕೊಯ್ಯುವುದು ಸುನ್ವಾಳ ಪಾಲಿಗೆ ಬಂದಿತು. ನಡಿಗೆಯ ದಿನ ಅವನು, “ಹವಾ ಕೆಟ್ಟರೆ ಕೆಳಗೆ ಒಬ್ಬ ಜವಾಬ್ದಾರಿಯವನು ಇರಬೇಕಲ್ಲ” ಎಂದು ಅಂಚೆಕಚೇರಿಯ ರೇಡಿಯೋ ಮುಂದೆ ಗಂಭೀರವಾಗಿ ಕೂತುಬಿಡುತ್ತಿದ್ದ.

“ಹಾನುಸ್, ನನ್ನ ಕಾಲು ಕೈಕೊಡ್ತು ಕಣೋ,” ಎಂದು ಮಿಕ್ಕಿಯಾಲ್ ಫೋನಿನಲ್ಲಿ ನರಳಿದ.

“ಹಾಗಾದ್ರೆ ಇವತ್ತಿನದು ರದ್ದು!” ಹಾನುಸ್‌ನ ದನಿಯಲ್ಲಿ ದುಃಖಕ್ಕಿಂತ ಉತ್ಸಾಹವೇ ಹೆಚ್ಚಾಗಿತ್ತು.

ಸುನ್ವಾ ಆಗಲೇ ಮನೆಯಲ್ಲಿರಲಿಲ್ಲ. ಪ್ರತಿವರ್ಷ ಆ ದಿನ ಅವಳು ಬೆಟ್ಟದಾಚೆಯ ಹ್ವಾನ್ನಾದಲ್ಲಿರುವ ತಂಗಿಯ ಮನೆಗೆ ಹೋಗುವುದು ವಾಡಿಕೆ. ಹಾನುಸ್ ಒಬ್ಬನೇ ಚರ್ಚಿನ ಅಂಗಳಕ್ಕೆ ಓಡಿದ. ಅಲ್ಲಿ ನಡಿಗೆಯವರೆಲ್ಲ ಸೇರಿದ್ದರು. ಮುಂದೆ ನಿಂತಿದ್ದವರು ತೂರಿ ಟೀಚರ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಉಳಿದ ಅರ್ಧ ಜನರ ಕಿವಿ ಹಿಂಡಿದವರು. ಪಕ್ಕದಲ್ಲಿ ಅಂಗಡಿಯ ಸಾಮಲ್, ಮಿರಮಿರ ಮಿಂಚುವ ಕಪ್ಪು ಬೂಟು ತೊಟ್ಟು ನಿಂತಿದ್ದ.

“ಮಿಕ್ಕಿಯಾಲ್ ಬರಲ್ಲ. ನಡಿಗೆ ರದ್ದು,” ಎಂದ ಹಾನುಸ್, ಏದುಸಿರು ಬಿಡುತ್ತ.

“ರದ್ದು ಯಾಕೋ?” ತೂರಿ ಟೀಚರ್ ಗದರಿದರು. “ನಮಗೇನು ದಾರಿ ಗೊತ್ತಿಲ್ವಾ? ನೀನು ಹೋಗಿ ರೇಡಿಯೋ ಮುಂದೆ ಕೂತ್ಕೋ. ನಾವು ಹೋಗಿ ಬರ್ತೀವಿ.”

“ಅಯ್ಯೋ, ಅದೆಲ್ಲಾದ್ರೂ ಉಂಟೇ!” ಎಂದು ಹಿಂದಿನಿಂದ ಒಂದು ದನಿ ಕೇಳಿತು. ವಸಂತದಲ್ಲಷ್ಟೇ ರಾಜಧಾನಿಯಿಂದ ಊರಿಗೆ ಬಂದಿದ್ದ ಹೊಸ ಪಾದ್ರಿ ಹೆರ್‌ಗೇರ್ ಮುಂದೆ ಬಂದರು. ವಯಸ್ಸು ಚಿಕ್ಕದು, ಬೂಟು ಹೊಸದು, ಉತ್ಸಾಹ ಕುದಿಯುವ ಕೆಟಲ್ಲಿನಂತೆ. “ದಾರಿ ಹಾಕಿದವರೇ ಇಲ್ಲಿ ನಿಂತಿರುವಾಗ ಬೇರೆ ಯಾರು ಬೇಕು? ಹಾನುಸ್ ಅವರೇ, ಇವತ್ತು ನೀವೇ ಮುಂದೆ ನಡೀರಿ!”

ಹಾನುಸ್‌ನ ಮುಖ ಬಿಳುಚಿಕೊಂಡಿತು. ಆಶ್ಚರ್ಯವೆಂದರೆ ತೂರಿ ಟೀಚರ ಮುಖ ಅದಕ್ಕಿಂತ ಬಿಳುಪಾಯಿತು. ಸಾಮಲ್ ತನ್ನ ಬೂಟುಗಳನ್ನು ಕೊನೆಯ ಬಾರಿ ಎಂಬಂತೆ ನೋಡಿಕೊಂಡ.

“ಮಳೆ ಬರೋ ಹಾಗಿದೆ,” ಎಂದರು ಟೀಚರ್.

ಎಲ್ಲರೂ ತಲೆ ಎತ್ತಿ ನೋಡಿದರು. ತೊಳೆದಿಟ್ಟ ತಟ್ಟೆಯಂಥ ಆಕಾಶ. ಮೂಲೆಯಲ್ಲೊಂದು ಮೋಡದ ಚೂರೂ ಇರಲಿಲ್ಲ.

“ನನಗೂ ಹಾಗೇ ಅನ್ಸುತ್ತೆ,” ಎಂದ ಹಾನುಸ್, ಆಸೆಯಿಂದ.

“ದೇವರು ಕೊಟ್ಟ ಬಿಸಿಲು!” ಎಂದು ಪಾದ್ರಿಗಳು ಕೋಲು ಎತ್ತಿ ಹೊರಟೇಬಿಟ್ಟರು. ಪಾದ್ರಿಗಳು ಹೊರಟ ಮೇಲೆ ಯಾರು ನಿಲ್ಲುವುದು? ಒಬ್ಬರ ಮುಖ ಒಬ್ಬರು ನೋಡುತ್ತ, ಶವದ ಹಿಂದೆ ಹೋಗುವವರಂತೆ ಎಲ್ಲರೂ ಹೊರಟರು.

ಮೊದಲ ಏರು ಹೇಗೋ ಮುಗಿಯಿತು. ಹಾನುಸ್ ಕೆಳಗೆ ನೋಡದೆ, ಮೇಲೂ ನೋಡದೆ, ಕೈಯಲ್ಲಿದ್ದ ನಕಾಶೆಯನ್ನೇ ನೋಡುತ್ತ ನಡೆದ. ಎರಡನೆಯ ಏರಿನಲ್ಲಿ ಗಾಳಿ ಎದ್ದಿತು. ಅದರ ಬೆನ್ನಿಗೆ ಆಲಿಕಲ್ಲು, ಯಾರೋ ಮೇಲಿಂದ ಬಟಾಣಿ ಸುರಿದಂತೆ, ಬೋಳುತಲೆಯ ಮೇಲೆ ಟಪಟಪ ಬಿತ್ತು. ಅದು ನಿಂತಿತು ಅನ್ನುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ತೆವಳಿ ಬಂದು, ಮುಂದಿದ್ದವರ ಬೆನ್ನನ್ನೂ ನುಂಗಿತು.

“ಈಗ ಯಾವ ಕಡೆ?” ಎಂದು ಸಾಮಲ್ ಕೇಳಿದ.

“ಮಲಗಿದ ಕುರಿಯಂಥ ಬಂಡೆ ಸಿಗುತ್ತೆ. ಅದರ ಬಲಕ್ಕೆ ತಿರುಗ್ಬೇಕು,” ಎಂದ ಹಾನುಸ್. ಹಾಗಂತ ಅವನಿಗೆ ಯಾವಾಗಲೋ ಒಬ್ಬ ಮುದುಕ ಹೇಳಿದ್ದ.

ಮಂಜಿನಲ್ಲಿ ನಿಜಕ್ಕೂ ಅಂಥ ಬಂಡೆಯೊಂದು ಕಂಡಿತು. ಹಾನುಸ್‌ಗೆ ಹೋದ ಜೀವ ಬಂದಂತಾಯಿತು. “ನೋಡಿದ್ರಾ? ಇದೇ!” ಎಂದು ಅದರ ಮೇಲೆ ಕೈ ಇಟ್ಟ. ಬಂಡೆ ಎದ್ದು ನಿಂತು, “ಬ್ಯಾ” ಎಂದು ಹೇಳಿ ಹೊರಟುಹೋಯಿತು.

ಯಾರೂ ನಗಲಿಲ್ಲ. ಕುರಿ ಎಲ್ಲಿತ್ತೋ ಅಲ್ಲಿಂದಲೇ ಬಲಕ್ಕೆ ತಿರುಗಿದರು. ತಿರುಗಿದ್ದೇ ತಡ, ಸಾಮಲ್ ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋದ. ಎಳೆದು ತೆಗೆದಾಗ ಕಾಲು ಬಂತು, ಮಿಂಚುವ ಬೂಟು ಬರಲಿಲ್ಲ.

“ನಮ್ಮಪ್ಪನ ಬೂಟು ಕಣಯ್ಯಾ ಅದು!” ಎಂದು ಸಾಮಲ್ ಕೂಗಿದ.

“ಬೆಟ್ಟಕ್ಕೆ ಬರೋನು ಮದುವೆ ಬೂಟು ಯಾಕೆ ಹಾಕ್ಕೊಂಡ್ ಬಂದೆ?” ಎಂದ ಹಾನುಸ್.

ಸಾಮಲ್ ಏನೋ ಹೇಳಲು ಬಾಯಿ ತೆರೆದ. ತೂರಿ ಟೀಚರ್ ಅವನ ಪಕ್ಕೆಗೆ ತಿವಿದರು. ಅವನು ಬಾಯಿ ಮುಚ್ಚಿಕೊಂಡ.

“ನಾನು ಸ್ವಲ್ಪ ಮೇಲೆ ಹೋಗಿ ನೋಟ ಹೇಗಿದೆ ನೋಡಿ ಬರ್ತೀನಿ!” ಎಂದು ಪಾದ್ರಿಗಳು ಮಂಜಿನೊಳಕ್ಕೆ ಮಾಯವಾದರು. ತುಸು ಹೊತ್ತಿನಲ್ಲಿ ಎಲ್ಲೋ ಮೇಲಿನಿಂದ ಅವರು ಸ್ತೋತ್ರಗೀತೆ ಹಾಡುವುದು ಕೇಳಿಸಿತು. ಸತ್ತು ಸ್ವರ್ಗಕ್ಕೆ ಹೋಗಿ ಅಲ್ಲಿಂದ ಹಾಡುತ್ತಿದ್ದಾರೋ, ಇನ್ನೂ ಬದುಕಿದ್ದಾರೋ ಹೇಳುವುದು ಕಷ್ಟವಾಗಿತ್ತು.

ಹಾನುಸ್ ನಾಲ್ಕು ಹೆಜ್ಜೆ ಮುಂದಿಟ್ಟ. ಅದೇ ಹೊತ್ತಿಗೆ ಗಾಳಿ ಬೀಸಿ, ಪರದೆ ಸರಿಸಿದಂತೆ ಮಂಜು ಸರಿಯಿತು. ಅವನ ಬೂಟಿನ ತುದಿಯ ಮುಂದೆ ಒಂದು ಮೊಳ ಹುಲ್ಲು. ಹುಲ್ಲಿನ ಮುಂದೆ ಏನೂ ಇರಲಿಲ್ಲ. ಕೆಳಗೆ, ಬಹಳ ಕೆಳಗೆ, ಸಮುದ್ರ ನೊರೆ ಕಾರುತ್ತಿತ್ತು. ಹಕ್ಕಿಗಳ ಬೆನ್ನು ಕಾಣಿಸುತ್ತಿತ್ತು. ಹಕ್ಕಿಗಳನ್ನು ಮೇಲಿನಿಂದ ನೋಡಿದ್ದು ಹಾನುಸ್‌ನ ಜನ್ಮದಲ್ಲಿ ಅದೇ ಮೊದಲು.

ಅವನು ಕೂಗಲೂ ಇಲ್ಲ. ದೊಪ್ಪನೆ ಬೋರಲು ಬಿದ್ದು, ಎರಡು ಮುಷ್ಟಿ ತುಂಬ ಹುಲ್ಲು ಹಿಡಿದು, ಹಲ್ಲಿಯಂತೆ ನೆಲಕ್ಕೆ ಅಂಟಿಕೊಂಡ. ಹಿಂದಿದ್ದವರೂ ನೋಡಿದರು. ಅವರೂ ಒಬ್ಬೊಬ್ಬರಾಗಿ ಬಿದ್ದುಕೊಂಡರು. ತೂರಿ ಟೀಚರ್ ಬಿದ್ದದ್ದು ತಮ್ಮ ಬುತ್ತಿಚೀಲದ ಮೇಲೆ. ಅದರೊಳಗಿದ್ದ ದೊಡ್ಡ ಕೇಕು ರೊಟ್ಟಿಯಾಯಿತು.

“ಹಾನುಸ್,” ಎಂದು ಟೀಚರ್ ಹುಲ್ಲಿಗೆ ಮುಖ ಇಟ್ಟೇ ಕೇಳಿದರು, “ಇಲ್ಲಿಂದ ದಾರಿ ಯಾವ ಕಡೆಗೋ?”

ಹಾನುಸ್ ಹುಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದ. ಇನ್ನು ಮುಚ್ಚಿಟ್ಟರೆ ಇವರೆಲ್ಲರ ಪ್ರಾಣ ತನ್ನ ತಲೆಗೆ.

“ಟೀಚರ್, ನನಗೆ ಗೊತ್ತಿಲ್ಲ. ನಾನು ಈ ಬೆಟ್ಟ ಹತ್ತೇ ಇಲ್ಲ. ಯಾವ ಬೆಟ್ಟಾನೂ ಹತ್ತಿಲ್ಲ. ಇಷ್ಟು ವರ್ಷ ಎಲ್ಲಾ ಅಡುಗೆಮನೇಲಿ ಕೂತು ಬರೆದಿದ್ದು. ನನ್ನನ್ನ ಬೈರಿ, ಹೊಡೀರಿ, ಆದ್ರೆ ಇಲ್ಲಿಂದ ಹಿಂದಕ್ಕೆ ಎಳ್ಕೊಳ್ಳಿ.”

ಗಾಳಿ ಬೀಸಿತು. ಯಾರೂ ಬೈಯಲಿಲ್ಲ. ಹೊಡೆಯುವುದಕ್ಕಂತೂ ಹುಲ್ಲು ಬಿಟ್ಟ ಕೈ ಬೇಕಲ್ಲ.

“ನಾವೂ ಹತ್ತಿಲ್ಲ ಕಣೋ,” ಎಂದರು ತೂರಿ ಟೀಚರ್.

“ಏನಂದ್ರಿ?”

“ನಮ್ಮಲ್ಲಿ ಒಬ್ಬರೂ ಹತ್ತಿಲ್ಲ. ಮೊದಲ್ನೇ ವರ್ಷ ಮಿಕ್ಕಿಯಾಲ್ ನಿನ್ನ ದಾರಿ ನೋಡ್ದ. ‘ಇದು ರೆಕ್ಕೆ ಇರೋರಿಗೆ ಹಾಕಿದ ದಾರಿ, ಕಾಲಿರೋರಿಗಲ್ಲ’ ಅಂದ. ನಿನಗೆ ಹೇಳೋಣ ಅಂತ ಬಂದ್ವಿ. ನೀನು ಅಂಚೆಕಚೇರಿ ಬಾಗಿಲಲ್ಲಿ ಹೊಸ ಅಂಗಿ ಹಾಕ್ಕೊಂಡು ನಿಂತಿದ್ದೆ. ಯಾರಿಗೆ ಬಾಯಿ ಬರುತ್ತೆ?”

“ಮತ್ತೆ ದಿನವಿಡೀ ಎಲ್ಲಿ ಹೋಗ್ತಿದ್ರಿ?” ಹಾನುಸ್‌ನ ದನಿ ಕೀರಲಾಯಿತು.

ಈಗ ಸಾಮಲ್ ಬಾಯಿಬಿಟ್ಟ. “ರಸ್ತೆ ತಿರುವಿನಾಚೆ ವ್ಯಾನ್ ನಿಂತಿರುತ್ತೆ. ಹತ್ತಿ ಕೂತ್ರೆ ಸುರಂಗದೊಳಗೆ ಹೋಗಿ ಬೆಟ್ಟದಾಚೆ ಇಳೀತೀವಿ. ಊಟ ಮಾಡಿ, ಹಾಡಿ ಕುಣಿದು, ಇಸ್ಪೀಟ್ ಆಡ್ತೀವಿ. ಬರುವಾಗ ಬೂಟು ಸಮುದ್ರದಲ್ಲಿ ಅದ್ದಿ, ಕೆನ್ನೆ ಉಜ್ಜಿ ಕೆಂಪು ಮಾಡ್ಕೊಂಡ್ ಬರ್ತೀವಿ. ಪಾದ್ರಿಗಳಿಗೆ ಸುರಂಗದಲ್ಲಿ ಗುಟ್ಟು ಹೇಳೋಣ ಅಂತಿದ್ವಿ. ಅವರು ಹೇಳೋಕೆ ಬಿಟ್ರೆ ತಾನೆ!”

“ಬೆಟ್ಟದಾಚೆ ಎಲ್ಲಿ? ಯಾರ ಮನೇಲಿ ಊಟ?”

ತೂರಿ ಟೀಚರ್ ಹುಲ್ಲಿನೊಳಕ್ಕೆ ಇನ್ನಷ್ಟು ಮುಖ ಹುದುಗಿಸಿ, “ಹ್ವಾನ್ನಾದಲ್ಲಿ. ನಿನ್ನ ನಾದಿನಿ ಮನೇಲಿ,” ಎಂದರು. “ಅಡುಗೆ ಮಾತ್ರ ಸುನ್ವಾನೇ ಮಾಡೋದು. ಅವಳ ಕುರಿಮಾಂಸದ ಸೂಪು ಬಾಯಲ್ಲಿಟ್ರೆ, ಆಹಾ…”

ಹಾನುಸ್‌ಗೆ ಪ್ರಪಾತ ಮರೆತೇಹೋಯಿತು. ಅವನು ಧಿಗ್ಗನೆ ಎದ್ದು ಕೂತ. ಬೆಟ್ಟದ ಅಂಚು ಪಕ್ಕದಲ್ಲೇ ಇತ್ತು, ಆದರೆ ಅವನ ಕಾಲಕೆಳಗಿನ ನೆಲ ಕುಸಿದದ್ದು ಬೇರೆ ಕಡೆ. ಪ್ರತಿವರ್ಷ ಆ ದಿನ ಸಂಜೆ ಸುನ್ವಾ ಮನೆಗೆ ಬಂದು, “ಎಲ್ಲರೂ ಸುಖವಾಗಿ ಇಳಿದು ಬಂದ್ರಾ?” ಎಂದು ಕಣ್ಣರಳಿಸಿ ಕೇಳುತ್ತಿದ್ದಳು. ಇವನು ಇಡೀ ಹತ್ತುವಿಕೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಿದ್ದ. ಅವಳು ಮಧ್ಯೆ ಮಧ್ಯೆ “ಅಬ್ಬಾ!” ಎನ್ನುತ್ತಿದ್ದಳು.

“ಸಿಕ್ಕಿತು!” ಮಂಜಿನಿಂದ ಪಾದ್ರಿಗಳ ತಲೆ ಹೊರಬಂತು. “ಈ ಬಂಡೆ ಹಿಂದೆ ಕುರಿಗಳು ಇಳಿಯೋ ದಾರಿ ಇದೆ. ನೇರವಾಗಿ ಕೆಳಗೊಂದು ಮನೆ. ಹೊಗೆ ಬರ್ತಿದೆ. ಸೂಪಿನ ವಾಸನೆ ಕೂಡ! ಎಲ್ಲರೂ ಮಲಗಿ ಪ್ರಾರ್ಥನೆ ಮಾಡ್ತಿದ್ದೀರಾ? ಸಂತೋಷ, ಬಹಳ ಸಂತೋಷ!”

ಇಳಿದದ್ದಕ್ಕಿಂತ ಜಾರಿದ್ದೇ ಹೆಚ್ಚು. ಕೂತು, ತೆವಳಿ, ಉರುಳಿ, ಕೆಸರಿನ ಮುದ್ದೆಗಳಾಗಿ ಎಲ್ಲರೂ ಹ್ವಾನ್ನಾದ ಮನೆಯ ಬಾಗಿಲಿಗೆ ಬಂದು ಬಿದ್ದರು. ಒಳಗೆ ಉದ್ದ ಮೇಜಿನ ಮೇಲೆ ಊಟ ಅಣಿಯಾಗಿತ್ತು. ತಟ್ಟೆಗಳು, ಒಣಮೀನು, ರೂಬಾರ್ಬ್ ಎಂಬ ಹುಳಿದಂಟಿನ ಜಾಮು, ಹಬೆಯಾಡುವ ಪಾತ್ರೆ. ಮೂಲೆಯಲ್ಲಿ, ವ್ಯಾನಿನಲ್ಲಿ ಮೊದಲೇ ಬಂದಿಳಿದಿದ್ದ ಮಿಕ್ಕಿಯಾಲ್ ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸೂಪು ಹೀರುತ್ತಿದ್ದ. ಸೌಟು ಹಿಡಿದು ಬಾಗಿಲಿಗೆ ಬಂದ ಸುನ್ವಾ ಗಂಡನ ಮುಖ ನೋಡಿದಳು. ಸೌಟು ಕೈಜಾರಿತು.

“ನೀನು… ಮೇಲಿಂದ ಬಂದ್ಯಾ?” ಎಂದಳು.

“ಮೇಲಿಂದಲೇ. ನೀನು ಇಷ್ಟು ವರ್ಷ ಇಲ್ಲಿ ಸೂಪು ಕಾಯಿಸ್ತಾ ಕೂತಿದ್ದೆ ಅಂತ ಮೇಲೆ ಗೊತ್ತಾಯ್ತು.”

ಸುನ್ವಾಳ ಕಣ್ಣು ತುಂಬಿತು. ಅವನ ಗಲ್ಲದ ಕೆಸರನ್ನು ಏಪ್ರನ್ನಿನ ಅಂಚಿನಿಂದ ಒರೆಸುತ್ತ ಮೆಲ್ಲಗೆ ಹೇಳಿದಳು: “ಚಳಿಗಾಲದಲ್ಲಿ ಹೊರಗೆ ಕತ್ತಲು. ನೀನು ನಕಾಶೆ ಮೇಲೆ ಬೆರಳಿಟ್ಟು, ‘ಇಲ್ಲಿ ಸೂರ್ಯ ಹುಟ್ಟೋದು ಕಾಣುತ್ತೆ ಸುನ್ವಾ’ ಅಂತಿದ್ದೆ. ಹೇಗೆ ಹೇಳ್ಲಿ? ಆ ದಾರೀಲಿ ಬೇರೆ ಯಾರೂ ಹೋಗಿಲ್ಲ ಅಂದ್ರೂ ನಾನು ಹೋಗಿದ್ದೀನಿ. ಅಡುಗೆಮನೇಲಿ, ನಿನ್ನ ಜೊತೆ.”

ಹಾನುಸ್ ಬೈಯಲೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಕರಗಿದವು. ಕುರ್ಚಿಗೆ ಕುಸಿದು ಬಟ್ಟಲು ಮುಂದಿಟ್ಟ. ಇರಲಿ, ಎಂದುಕೊಂಡ. ಗುಟ್ಟು ಎರಡೂ ಕಡೆ ಬಯಲಾಯಿತು, ಲೆಕ್ಕ ಸರಿಹೋಯಿತು. ಇನ್ನು ಮುಂದೆ ನಕಾಶೆಯನ್ನು ಮಡಚಿಟ್ಟು ಎಲ್ಲರ ಜೊತೆ ತಾನೂ ವ್ಯಾನ್ ಹತ್ತಿದರಾಯಿತು. ಎಷ್ಟೋ ವರ್ಷಗಳ ಮೇಲೆ ಎದೆ ಹಗುರವಾಗಿತ್ತು. ಸೂಪು ನಿಜಕ್ಕೂ ಅಮೃತದಂತಿತ್ತು.

ಅಷ್ಟರಲ್ಲಿ, ಫೋನಿಗೆ ಸಿಗ್ನಲ್ ಸಿಗುವುದೆಂದು ಅಂಗಳಕ್ಕೆ ಹೋಗಿದ್ದ ಪಾದ್ರಿಗಳು ಒಳಗೆ ಬಂದರು. ಮುಖ ದೀಪದಂತೆ ಬೆಳಗುತ್ತಿತ್ತು.

“ಹಾನುಸ್ ಅವರೇ, ನನ್ನ ಮಾತು ಕೇಳಿ! ಎಷ್ಟು ಮುಂದಾಲೋಚನೆ ನಿಮ್ಮದು! ಜೀವ ಬಾಯಿಗೆ ಬರೋ ಕಡೆ ಒಂದು ಪ್ರಪಾತ, ಎಲ್ಲರೂ ನೆಲಕ್ಕೆ ಬಿದ್ದು ದೇವರನ್ನ ನೆನೆಯೋ ಹಾಗೆ. ಅದರ ಕೆಳಗೆ ಬಿಸಿ ಸೂಪು, ಬಡಿಸೋಕೆ ನಿಮ್ಮ ಮನೆಯವರು! ಇದಕ್ಕಿಂತ ಒಳ್ಳೇ ಪ್ರವಚನ ನಾನು ಕೇಳಿಲ್ಲ. ಬಿಷಪ್ಪರಿಗೆ ಈಗ ತಾನೆ ಎಲ್ಲಾ ಹೇಳ್ದೆ.”

ಮೇಜಿನ ಸುತ್ತ ಚಮಚಗಳು ಅಲ್ಲಲ್ಲೇ ನಿಂತವು.

“ಮುಂದಿನ ಶನಿವಾರ ಎಲ್ಲಾ ದ್ವೀಪಗಳ ಪಾದ್ರಿಗಳನ್ನ ಕರ್ಕೊಂಡು ಅವರೇ ಬರ್ತಾರಂತೆ. ಇದೇ ದಾರಿ ಬೇಕಂತೆ. ಮುಂದೆ ನೀವೇ ನಡೀಬೇಕಂತೆ!”

ಹಾನುಸ್ ಮಿಕ್ಕಿಯಾಲನ ಕಡೆ ನೋಡಿದ. ಮಿಕ್ಕಿಯಾಲ್ ತನ್ನ ಕಾಲನ್ನು ತೋರಿಸಿ ಜೋರಾಗಿ ನರಳಿದ. ತೂರಿ ಟೀಚರ ಕಡೆ ನೋಡಿದ. ಅವರು ಒಣಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದರು.

“ಮುಂದಿನ ಶನಿವಾರ ನಮಗ್ಯಾರಿಗೂ ಬಿಡುವಿಲ್ಲ,” ಎಂದ ಸಾಮಲ್, ಯಾರೂ ಕೇಳದಿದ್ದರೂ.

“ಆದ್ರೆ ಪಾದ್ರಿಗಳೇ…” ಹಾನುಸ್‌ನ ದನಿ ಬಾವಿಯ ತಳದಿಂದ ಬಂದಂತಿತ್ತು. “ಒಂದು ವೇಳೆ ಅವತ್ತು ಹವಾ ಕೆಟ್ಟಿದ್ರೆ?”

ಪಾದ್ರಿಗಳು ಅವನ ಬೆನ್ನು ತಟ್ಟಿದರು.

“ಅದನ್ನೂ ಕೇಳ್ದೆ. ಕೆಟ್ಟಿದ್ರೆ ಇನ್ನೂ ಒಳ್ಳೇದಂತೆ!”